ಹನ್ನೊಂದನೇ ದಿನಕ್ಕೆ ಏನು ಮಾಡುತ್ತೀರಿ?

ಸಿಂಧನೂರಿನಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು, ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ.

ಎಲ್ಲ ಅಕ್ಕಂದಿರಿಗೆ, ತಾಯಂದಿರಿಗೆ, ಹಿಂದೆ ನಿಂತಿರುವ ಅಣ್ಣಂದಿರಿಗೆ ನಮಸ್ಕಾರ.

ನಾನು ಡಾಕ್ಟರ್ ಅಲ್ಲ. ಮಾನಸಿಕ ಆರೋಗ್ಯ ವಿಭಾಗದಲ್ಲಿ ಆಪ್ತ ಸಮಾಲೋಚಕಿ. ಡಾಕ್ಟರ್ ಚೀಟಿ ಬರೆದ ಮೇಲೆ ಕುಡಿತದ ಚಟ ಇರುವವರ ಮನೆಯವರು ಬಂದು ಕೂರುವುದು ನನ್ನ ಮುಂದೆ. ಆಗ ಅವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ದವಾಖಾನ್ಯಾಗ ಡಿಟಾಕ್ಸ್ ಮಾಡಿಸಬೇಕೋ, ರಿಹ್ಯಾಬ್ ಸೆಂಟರಿಗೆ ಹಾಕಬೇಕೋ? ಎರಡಕ್ಕೂ ನಮ್ಮತ್ರ ರೊಕ್ಕ ಇಲ್ರಿ, ಯಾವುದರೆ ಒಂದು ಹೇಳ್ರಿ." ಇವತ್ತಿನ ಮಾತು ಈ ಪ್ರಶ್ನೆಯ ಮೇಲೆಯೇ.

ಕುಡಿತ ಮನೆಗೆ ಏನು ಮಾಡುತ್ತದೆ ಅಂತ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಿಗೆ ಯಾರೂ ಬಂದು ಪಾಠ ಹೇಳಬೇಕಾಗಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದವರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ನಡೆದರು. ಅದರಲ್ಲಿ ಮುಂದೆ ನಿಂತವರು ಈ ಜಿಲ್ಲೆಯ ಹೆಂಗಸರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಆದರೆ ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿ ಪ್ಯಾಕೆಟ್ ಹಿಡಿದರು. ಅಂಗಡಿ ಮುಚ್ಚಿಸುವ ಹೋರಾಟ ಬೇಕೇ ಬೇಕು. ಇವತ್ತು ಮಾತ್ರ ನಾನು ಅಂಗಡಿಯ ಬಗ್ಗೆ ಅಲ್ಲ, ನಿಮ್ಮ ಮನೆಯ ಪಡಸಾಲೆಯಲ್ಲಿ ಮಲಗಿರುವ ಮನುಷ್ಯನ ಬಗ್ಗೆ ಮಾತಾಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ. ಡಿಟಾಕ್ಸ್ ಐದರಿಂದ ಹತ್ತು ದಿನದ ಕೆಲಸ. ಕುಡಿತ ನಿಲ್ಲಿಸಿದಾಗ ದೇಹಕ್ಕೆ ಆಗುವ ಅಪಾಯ ತಡೆಯುವುದು, ಅಷ್ಟೇ. ರಿಹ್ಯಾಬ್ ತಿಂಗಳುಗಟ್ಟಲೆ ನಡೆಯುವ ಕೆಲಸ. ಕುಡಿಯದೆ ಕೂಲಿಗೆ ಹೋಗುವುದು, ಕುಡಿಯದೆ ಜಾತ್ರೆಗೆ ಹೋಗುವುದು, ಕುಡಿಯದೆ ನಿದ್ದೆ ಮಾಡುವುದು, ಇವನ್ನೆಲ್ಲ ಮತ್ತೆ ಕಲಿಯುವುದು. ಒಂದು ಮಾಡಿಸಿದರೆ ಇನ್ನೊಂದು ಬೇಡ ಅಂತ ಆಗುವುದಿಲ್ಲ. ಆದರೆ ಎಲ್ಲರಿಗೂ ಬೆಡ್ ಹಿಡಿದು ಮಾಡುವ ಡಿಟಾಕ್ಸ್ ಬೇಕಾಗಿಲ್ಲ, ಎಲ್ಲರೂ ಮೂರು ತಿಂಗಳು ಸೆಂಟರಿನಲ್ಲಿ ಇರಬೇಕಾಗಿಯೂ ಇಲ್ಲ. ನಿಮ್ಮ ಮನೆಯವನಿಗೆ ಎಷ್ಟು ಬೇಕು ಅನ್ನುವುದನ್ನು ತೀರ್ಮಾನ ಮಾಡಬೇಕು. ಅದಕ್ಕೂ ಮುಂಚೆ ಇನ್ನೊಂದು ತೀರ್ಮಾನ ಇದೆ: ಹತ್ತು ದಿನ ಮುಗಿಸಿ ಮನೆಗೆ ಬಂದವನಿಗೆ ಹನ್ನೊಂದನೇ ದಿನ ಏನು? ನಮ್ಮ ಕಡೆ ಜನ ಸೋಲುವುದು ಅಲ್ಲಿಯೇ.

ದೇಹದಿಂದ ಶುರು ಮಾಡೋಣ. ಬಾಗಿಲನ್ನು ಹೊರಗಿನಿಂದ ಒಬ್ಬ, ಒಳಗಿನಿಂದ ಒಬ್ಬ ಜೋರಾಗಿ ತಳ್ಳುತ್ತಿದ್ದಾರೆ ಅಂದುಕೊಳ್ಳಿ. ಹೊರಗಿನವನು ಸಟ್ಟನೆ ಕೈ ಬಿಟ್ಟರೆ ಒಳಗಿನವನು ಮುಗ್ಗರಿಸಿ ಬೀಳುತ್ತಾನೆ. ವರ್ಷಗಟ್ಟಲೆ ಕುಡಿದವನ ಮೆದುಳು ಹಾಗೆ ಆಗಿರುತ್ತದೆ. ಮದ್ಯ ಮೆದುಳನ್ನು ಮಂಕು ಮಾಡುತ್ತಲೇ ಇರುತ್ತದೆ, ಮೆದುಳು ಅದರ ವಿರುದ್ಧ ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ವೇಗಕ್ಕೆ ತಡೆ ಇಲ್ಲ.

ಕೊನೆಯ ಗುಟುಕಿನಿಂದ ಆರೇಳು ಗಂಟೆಗೆ ಕೈ ನಡುಗಲು ಶುರುವಾಗುತ್ತದೆ. ಬೆವರು, ವಾಂತಿ, ಎದೆ ಬಡಿತ. ಬಹಳ ಜನ ಇಷ್ಟರಲ್ಲೇ ಪಾರಾಗುತ್ತಾರೆ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯುತ್ತದೆ. ಡಾಕ್ಟರುಗಳು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ. ಹಮಾಲಿ ಕೆಲಸದವನು ಇಲ್ಲದ ಚೀಲ ಎತ್ತುತ್ತಾನೆ. ಟ್ರ್ಯಾಕ್ಟರ್ ಓಡಿಸುವವನು ಮಂಚದ ಮೇಲೆ ಕೂತು ಸ್ಟೇರಿಂಗ್ ತಿರುಗಿಸುತ್ತಾನೆ. ಮನೆಯವರು ಹೆದರಿ "ಗಾಳಿ ಸೋಕ್ಯಾದ" ಅಂತ ತಾಯತ ಕಟ್ಟಿಸಲು ಓಡುತ್ತಾರೆ. ದೇವರಿಗೆ ಹರಕೆ ಹೊರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮೊದಲು 108ಕ್ಕೆ ಫೋನ್ ಮಾಡಿ. ಇದು ಜೀವ ತೆಗೆಯುವ ಕಾಯಿಲೆ. ಸಮಯಕ್ಕೆ ದವಾಖಾನೆ ಸೇರಿದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ.

ಅದಕ್ಕೇ ಹೇಳುವುದು, ದಿನಾ ಜಾಸ್ತಿ ಕುಡಿಯುವವನನ್ನು ಸಿಟ್ಟಿನಲ್ಲಿ ಕೋಣೆಗೆ ಹಾಕಿ ಚಿಲಕ ಹಾಕಬೇಡಿ. "ಮೂರು ದಿನ ಕೂಡಿ ಹಾಕಿದರೆ ತಾನೇ ಬಿಡ್ತಾನ" ಅನ್ನುವ ಮಾತು ನಮ್ಮ ಊರುಗಳಲ್ಲಿ ಇನ್ನೂ ಇದೆ. ಆ ಮೂರು ದಿನವೇ ಅತಿ ಅಪಾಯದ ದಿನಗಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮೇ 4ರವರೆಗೆ ರಾಜ್ಯದಲ್ಲಿ ಮದ್ಯದಂಗಡಿ ಮುಚ್ಚಿದ್ದವು, ನೆನಪಿದೆ ಅಲ್ವಾ? ಆಗ ಫಿಟ್ಸ್ ಬಂದು, ಸನ್ನಿ ಹಿಡಿದು ಎಷ್ಟೋ ಜನ ಆಸ್ಪತ್ರೆ ಸೇರಿದರು. ಅವರು ಯಾರೂ ಕುಡಿತ ಬಿಡಲು ಮನಸ್ಸು ಮಾಡಿದವರಲ್ಲ. ಅಂಗಡಿ ಮುಚ್ಚಿತ್ತು, ಅಷ್ಟೇ.

ಇದೇ ತರಹ ಮನಸ್ಸು ಮಾಡದೆಯೇ ಕುಡಿತ ನಿಲ್ಲುವ ಇನ್ನೊಂದು ಸಂದರ್ಭ ಇದೆ. ಇದನ್ನು ಆಶಾ ಕಾರ್ಯಕರ್ತೆಯರು ದಯವಿಟ್ಟು ಗಮನ ಇಟ್ಟು ಕೇಳಬೇಕು. ಬೈಕಿನಿಂದ ಬಿದ್ದು ಕಾಲು ಮುರಿದವನನ್ನು ಮೂಳೆ ವಾರ್ಡಿಗೆ ಸೇರಿಸುತ್ತಾರೆ. ಅಲ್ಲಿ ಕುಡಿಯಲು ಸಿಗುವುದಿಲ್ಲ. ಮೂರನೇ ದಿನ ರಾತ್ರಿ ಅವನು ಸಲೈನ್ ಪೈಪು ಕಿತ್ತು ಹಾಕಿ, ಮುರಿದ ಕಾಲಿನಲ್ಲೇ ಎದ್ದು ಓಡಲು ನೋಡುತ್ತಾನೆ. ತಲೆಗೆ ಪೆಟ್ಟಾಗಿದೆಯೋ ಏನೋ ಅಂತ ಎಲ್ಲರೂ ಗಾಬರಿ. ಕೊನೆಗೆ ವಿಷಯ ಹೊರಬೀಳುತ್ತದೆ: ದಿನಾ ಎರಡು ಕ್ವಾರ್ಟರ್ ಕುಡಿಯುತ್ತಿದ್ದ, ಮರ್ಯಾದೆಗೆ ಅಂಜಿ ಮನೆಯವರು ಹೇಳಿರಲಿಲ್ಲ. ಹೆರಿಗೆ, ಹರ್ನಿಯಾ, ಕಾಮಾಲೆ, ಏನಕ್ಕೇ ದಾಖಲಾದರೂ ಕುಡಿತದ ವಿಷಯ ಮೊದಲೇ ಹೇಳಿ. ಹೌದು, ಹೆರಿಗೆ ಅಂದೆ. ನಮ್ಮ ಜಿಲ್ಲೆಯಲ್ಲಿ ಸೇಂದಿ ಕುಡಿಯುವ ಹೆಣ್ಣುಮಕ್ಕಳೂ ಇದ್ದಾರೆ. ಅವರು ಗಂಡಸರಿಗಿಂತ ಹೆಚ್ಚು ಮುಚ್ಚಿಡುತ್ತಾರೆ, ತಡವಾಗಿ ಬರುತ್ತಾರೆ.

ಹೇಳುವಾಗ ಲೆಕ್ಕ ಹೇಳಿ. "ಸ್ವಲ್ಪ ಕುಡೀತಾನ್ರಿ" ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ದಿನಕ್ಕೆ ಎಷ್ಟು ನೈಂಟಿ, ಎಷ್ಟು ಕ್ವಾರ್ಟರ್? ಬೆಳಿಗ್ಗೆ ಎದ್ದ ತಕ್ಷಣ ಬೇಕಾ? ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಈ ನಾಲ್ಕು ಉತ್ತರ ಸಿಕ್ಕರೆ ಡಾಕ್ಟರು ಅರ್ಧ ನಿರ್ಧಾರ ಅಲ್ಲೇ ಮಾಡುತ್ತಾರೆ.

ಹಾಗಾದರೆ ದಾಖಲಾಗಿಯೇ ಡಿಟಾಕ್ಸ್ ಯಾರಿಗೆ ಬೇಕು? ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಆಗಿದ್ದವರಿಗೆ ಖಂಡಿತ ಬೇಕು. ಒಂದು ಸಲ ಆದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಆಗುವ ಸಾಧ್ಯತೆ ಇದೆ. ಬೆಳಿಗ್ಗೆ ಕುಡಿಯದಿದ್ದರೆ ಲೋಟ ಹಿಡಿಯಲೂ ಆಗದವರಿಗೆ, ಲಿವರ್ ಕೆಟ್ಟವರಿಗೆ, ವಯಸ್ಸಾದವರಿಗೆ, ಗರ್ಭಿಣಿಯರಿಗೆ, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದವರಿಗೆ ಬೇಕು. ಸಾಯುವ ಮಾತಾಡುವವರನ್ನಂತೂ ಒಂದು ರಾತ್ರಿಯೂ ಕಾಯದೆ ಕರೆದುಕೊಂಡು ಹೋಗಿ. ಉಳಿದವರಿಗೆ ಡಾಕ್ಟರ್ ಬರೆದ ಮಾತ್ರೆ, ಮನೆಯಲ್ಲಿ ಒಬ್ಬರ ಕಾವಲು, ಆಗಾಗ ಒಪಿಡಿಗೆ ಬಂದು ತೋರಿಸುವುದು, ಇಷ್ಟರಲ್ಲೇ ಮನೆಯಿಂದಲೇ ಡಿಟಾಕ್ಸ್ ಆಗುತ್ತದೆ. ಅದು ಕಡಿಮೆ ದರ್ಜೆಯ ಚಿಕಿತ್ಸೆ ಅಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ಕಷ್ಟ ಇದೆ. ಕಲಬೆರಕೆ ಸೇಂದಿ. ಮರದಿಂದ ಇಳಿಸಿದ ಸೇಂದಿ ಅಲ್ಲ, ಸಿ.ಎಚ್. ಪೌಡರ್ ಬೆರೆಸಿದ್ದು. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಕೆಲವು ಕಡೆ ಡಯಾಜೆಪಾಮ್, ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಯ ಪುಡಿಯನ್ನೂ ಹಾಕುತ್ತಾರೆ. "ಸೇಂದಿ ಅಷ್ಟೇ, ಬ್ರಾಂದಿ ಮುಟ್ಟಲ್ರಿ" ಅಂತ ಮನೆಯವರು ಸಮಾಧಾನದಿಂದ ಹೇಳುತ್ತಾರೆ. ಆದರೆ ಇದನ್ನು ದಿನಾ ಕುಡಿದವರಿಗೂ ನಿಲ್ಲಿಸಿದಾಗ ಫಿಟ್ಸ್ ಬರುತ್ತದೆ, ಸನ್ನಿ ಹಿಡಿಯುತ್ತದೆ. ಅಬಕಾರಿಯವರು ದಾಳಿ ಮಾಡಿ ಅಂಗಡಿ ಮುಚ್ಚಿಸಿದರೆ ಒಳ್ಳೆಯದೇ. ಅದರ ಮರುದಿನದಿಂದ ಆ ಊರಿನ ಮೇಲೆ ಆಶಾ ಕಾರ್ಯಕರ್ತೆಯರ ಕಣ್ಣು ಇರಲಿ. ಯಾರ ಕೈ ನಡುಗುತ್ತಿದೆ, ಯಾರು ಅಸಂಬದ್ಧ ಮಾತಾಡುತ್ತಿದ್ದಾರೆ, ನೋಡಿ. ಸೇಂದಿ ಕುಡಿಯುವ ವಿಷಯವನ್ನು ಡಾಕ್ಟರಿಗೆ ಬಿಡಿಸಿ ಹೇಳಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಅಂತ ಕೆಲವರಿಗೆ ಭಯ. ಕರೆಂಟ್ ಕೊಡುತ್ತಾರೆ ಅಂದುಕೊಂಡವರೂ ಇದ್ದಾರೆ. ಹಾಗೇನಿಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಮಾತ್ರೆ ಕೊಟ್ಟು, ದಿನ ದಿನಕ್ಕೆ ಕಡಿಮೆ ಮಾಡುತ್ತಾ ಬರುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಕೊಡುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಇದು ಸಣ್ಣ ವಿಷಯ ಅಲ್ಲ. ಕುಡಿತದವರ ಮೈಯಲ್ಲಿ ಈ ವಿಟಮಿನ್ ಬರಿದಾಗಿರುತ್ತದೆ. ಅದು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು: ಕಣ್ಣಗುಡ್ಡೆ ಓಲಾಡುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಶಾಶ್ವತವಾಗಿ ಹೋಗಬಹುದು. ನಮ್ಮ ಜನಕ್ಕೆ ಗ್ಲೂಕೋಸ್ ಬಾಟ್ಲಿ ಮೇಲೆ ಬಹಳ ನಂಬಿಕೆ. "ನಿಶಕ್ತಿ ಆಗ್ಯಾದ, ಒಂದು ಬಾಟ್ಲಿ ಏರಿಸ್ರಿ" ಅಂತ ಊರಿನ ಡಾಕ್ಟರಿಗೆ ಹೇಳುವ ಮುಂಚೆ "ಇವನು ದಿನಾ ಕುಡಿಯುತ್ತಾನೆ" ಅನ್ನುವುದನ್ನು ಹೇಳಿ.

ಈಗ ಹತ್ತು ದಿನ ಆಯಿತು. ನಡುಕ ಹೋಗಿದೆ, ಮುಖದಲ್ಲಿ ಕಳೆ ಬಂದಿದೆ, ಎರಡು ರೊಟ್ಟಿ ತಿನ್ನುವವನು ನಾಲ್ಕು ತಿನ್ನುತ್ತಿದ್ದಾನೆ. ಹೆಂಡತಿಯ ಕೈ ಹಿಡಿದು "ಇನ್ನ ಮುಟ್ಟಂಗಿಲ್ಲ, ನಿನ್ನಾಣೆ" ಅನ್ನುತ್ತಾನೆ. ಆ ಹೊತ್ತಿಗೆ ಅವನು ಸುಳ್ಳು ಹೇಳುತ್ತಿಲ್ಲ. ಮನೆಯವರೂ "ಕೋರ್ಸ್ ಮುಗೀತು" ಅಂತ ಖುಷಿಯಾಗಿ ಊರಿಗೆ ಹೋಗುತ್ತಾರೆ. ಒಪಿಡಿ ಚೀಟಿ ಗೂಡಿನಲ್ಲಿ ಧೂಳು ಹಿಡಿಯುತ್ತದೆ. ಸಂತೆಯ ದಿನ ಬರುತ್ತದೆ, ಕೂಲಿ ಕೈಗೆ ಬರುತ್ತದೆ, ಅದೇ ಗೆಳೆಯರು ಸಿಗುತ್ತಾರೆ. ಕುಡಿಯಬೇಕು ಅನ್ನುವ ಸೆಳೆತ ಮೆದುಳಿನಿಂದ ಹತ್ತು ದಿನದಲ್ಲಿ ಹೋಗುವುದಿಲ್ಲ. ನಿದ್ದೆ ಸರಿಯಾಗಲು, ಸಿಟ್ಟು ಇಳಿಯಲು ತಿಂಗಳುಗಳು ಬೇಕು. ಬರೀ ಡಿಟಾಕ್ಸ್ ಮಾಡಿಸಿ ನಿಲ್ಲಿಸಿದವರಲ್ಲಿ ಹೆಚ್ಚಿನವರು ಮತ್ತೆ ಕುಡಿಯುತ್ತಾರೆ. ಆಗ ಊರಿಗೆ ಊರೇ "ದವಾಖಾನಿ ಔಷಧ ನಡಿಯಂಗಿಲ್ಲ" ಅನ್ನುತ್ತದೆ. ಔಷಧ ತನ್ನ ಕೆಲಸ ಮಾಡಿತ್ತು. ಮುಂದಿನ ಕೆಲಸ ಯಾರೂ ಶುರು ಮಾಡಲೇ ಇಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ತುಂಬಾ ಸಂಕಟ ಆಗುತ್ತದೆ. ಯಾಕೆಂದರೆ ಚಿಕಿತ್ಸೆಯ ಬಾಗಿಲವರೆಗೆ ಬರುವವರೇ ಕಡಿಮೆ. 2019ರಲ್ಲಿ ದೆಹಲಿಯ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟ ದೇಶದ ಸಮೀಕ್ಷೆ ಹೇಳುವ ಪ್ರಕಾರ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆ ಒಬ್ಬನನ್ನೂ ನಾವು ಹನ್ನೊಂದನೇ ದಿನ ಕೈಬಿಟ್ಟರೆ ಹೇಗೆ?

ಹನ್ನೊಂದನೇ ದಿನದಿಂದ ಎರಡು ದಾರಿ ಇವೆ. ಮನೆಯಲ್ಲೇ ಇದ್ದು ಒಪಿಡಿಗೆ ಓಡಾಡುವುದು ಒಂದು. ರಿಹ್ಯಾಬ್ ಕೇಂದ್ರದಲ್ಲಿ ಇರುವುದು ಇನ್ನೊಂದು.

ಕೆಲಸ ಇದೆ, ಮನೆಯವರ ಜೊತೆ ಸಂಬಂಧ ಪೂರ್ತಿ ಕೆಟ್ಟಿಲ್ಲ, ಇದು ಮೊದಲ ಅಥವಾ ಎರಡನೇ ಪ್ರಯತ್ನ ಅನ್ನುವವರಿಗೆ ಮೊದಲ ದಾರಿ ಸಾಕಾಗಬಹುದು. ಅವರನ್ನು ಸುಮ್ನೆ ತಿಂಗಳುಗಟ್ಟಲೆ ದೂರ ಇಡಬೇಡಿ. ನಾಟಿ ಸಮಯದಲ್ಲಿ ದುಡಿಯುವವನು ಮೂರು ತಿಂಗಳು ಇಲ್ಲದಿದ್ದರೆ ಸಾಲ ಏರುತ್ತದೆ, ಆ ಸಾಲದ ಚಿಂತೆಯೇ ಅವನನ್ನು ಮತ್ತೆ ಅಂಗಡಿಗೆ ಕಳಿಸುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಬಂದು ಮಾತಾಡಲಿ. ಕುಡಿಯುವ ಸೆಳೆತ ಕಡಿಮೆ ಮಾಡುವ ಔಷಧಗಳಿವೆ: ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್, ಲಿವರ್ ತೊಂದರೆ ಇದ್ದವರಿಗೆ ಬ್ಯಾಕ್ಲೋಫೆನ್. ಯಾರಿಗೆ ಯಾವುದು ಅಂತ ಡಾಕ್ಟರೇ ರಕ್ತ ಪರೀಕ್ಷೆ ನೋಡಿ ಹೇಳಬೇಕು. ಇವು ತಿಂಗಳುಗಳ ಕಾಲ ತೆಗೆದುಕೊಳ್ಳುವ ಔಷಧ.

ಡೈಸಲ್ಫಿರಾಮ್ ಅನ್ನುವ ಇನ್ನೊಂದು ಮಾತ್ರೆ ಇದೆ. ಅದನ್ನು ತೆಗೆದುಕೊಂಡವನು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಏರಿ, ಬಿ.ಪಿ. ಕುಸಿಯಬಹುದು. ತಿಳಿದು, ಒಪ್ಪಿ ತೆಗೆದುಕೊಳ್ಳುವವನಿಗೆ ಅದು ಒಳ್ಳೆಯ ಆಸರೆ. ಆದರೆ ಗೋಡೆ ಗೋಡೆ ಮೇಲೆ ಬರೆದಿರುತ್ತಾರಲ್ಲ, "ರೋಗಿಗೆ ಗೊತ್ತಿಲ್ಲದಂತೆ ಕುಡಿತ ಬಿಡಿಸುತ್ತೇವೆ" ಅಂತ, ಅಂಥ ಪುಡಿ ತಂದು ಸಾರಿನಲ್ಲಿ ಬೆರೆಸಬೇಡಿ. ಒಳಗೆ ಏನಿದೆ ಅಂತ ನಿಮಗೆ ಗೊತ್ತಿಲ್ಲ, ಮಾತ್ರೆ ತಿಂದಿದ್ದೇನೆ ಅಂತ ಅವನಿಗೆ ಗೊತ್ತಿಲ್ಲ. ಅವನು ಎಂದಿನಂತೆ ಕುಡಿದರೆ ಪ್ರಾಣಕ್ಕೇ ಕುತ್ತು. ನಿಮ್ಮ ಹತಾಶೆ ನನಗೆ ಅರ್ಥವಾಗುತ್ತದೆ ಅಕ್ಕಾ, ಆದರೂ ಬೇಡ.

ಕೇಂದ್ರದಲ್ಲೇ ಇರಬೇಕಾದವರು ಬೇರೆ. ಹಲವು ಸಲ ಬಿಟ್ಟು ಹಲವು ಸಲ ಜಾರಿದವರು. ಮನೆಯಲ್ಲಿ ಅಪ್ಪನೋ ಅಣ್ಣನೋ ಕೂಡ ಕುಡಿಯುವವರು. ಖಿನ್ನತೆ ಅಥವಾ ಬೇರೆ ಮಾನಸಿಕ ಕಾಯಿಲೆಯೂ ಸೇರಿಕೊಂಡವರು. ಇವರಿಗೆ ಆ ಜಾಗದಿಂದ ಕೆಲವು ಕಾಲ ಹೊರಗೆ ಇರುವುದೇ ಚಿಕಿತ್ಸೆಯ ಭಾಗ.

ಕೇಂದ್ರ ಆರಿಸುವಾಗ ಗಟ್ಟಿಯಾಗಿ ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ಯಾವ ಯಾವ ದಿನ ಬರುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ? ತಿಂಗಳಿಗೆ ಎಷ್ಟು, ರಸೀದಿ ಕೊಡುತ್ತೀರಾ? ಮಲಗುವ ಕೋಣೆ, ಅಡುಗೆ ಮನೆ ನೋಡಿ ಬನ್ನಿ. "ಮೂರು ತಿಂಗಳು ಭೇಟಿ ಇಲ್ಲ, ಫೋನೂ ಇಲ್ಲ" ಅಂದರೆ ಅಲ್ಲಿಂದ ಎದ್ದು ಬನ್ನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೊಳಗೆ ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಗಳೂ ಸೇರುತ್ತವೆ. ಆ ಕಾಯ್ದೆ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಹೊಡೆದು ಬಡಿದು ಕುಡಿತ ಬಿಡಿಸುತ್ತೇವೆ ಅನ್ನುವವರ ಕೈಗೆ ನಿಮ್ಮವರನ್ನು ಕೊಡಬೇಡಿ. ಪೆಟ್ಟು ತಿಂದು ಬಂದವರು ಕುಡಿತ ಬಿಟ್ಟದ್ದಕ್ಕಿಂತ ಮನೆಯವರ ಮೇಲೆ ನಂಬಿಕೆ ಬಿಟ್ಟದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ.

ಶಿಬಿರಗಳ ಬಗ್ಗೆಯೂ ಕೇಳುತ್ತೀರಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರ ನಿಮಗೆ ಗೊತ್ತಿದೆ. ಪಕ್ಕದ ಇಳಕಲ್ಲಿನ ಮಹಾಂತ ಶ್ರೀಗಳು ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ದುಶ್ಚಟಗಳ ಭಿಕ್ಷೆ ಬೇಡಿದರು. ಅವರ ಜನ್ಮದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಇವುಗಳಲ್ಲಿ ದೊಡ್ಡ ಶಕ್ತಿ ಇದೆ. ಊರ ಮುಂದೆ ಮಾತು ಕೊಟ್ಟವನಿಗೆ ಊರೇ ಕಾವಲು. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಮಾಡಿ ಬಿಟ್ಟವರನ್ನು ಮತ್ತೆ ಮತ್ತೆ ಸೇರಿಸುತ್ತಾರಲ್ಲ, ಅದು ನಾನು ಹೇಳುವ ಹನ್ನೊಂದನೇ ದಿನದ ಕೆಲಸವೇ. ನನ್ನದು ಒಂದೇ ಕೋರಿಕೆ. ಹಿಂದೆ ಫಿಟ್ಸ್ ಬಂದವನು, ಬೆಳಿಗ್ಗೆಯೇ ಕೈ ನಡುಗುವವನು ಶಿಬಿರಕ್ಕೆ ಹೋಗುವ ಮೊದಲು ಡಾಕ್ಟರಿಗೆ ತೋರಿಸಲಿ.

ಗಾಂಜಾ, ಮಾತ್ರೆ ಚಟದ ಹುಡುಗರ ಬಗ್ಗೆ ಎರಡು ಮಾತು. ಗಾಂಜಾ ಬಿಟ್ಟಾಗ ನಿದ್ದೆ ಬರುವುದಿಲ್ಲ, ಸಿಟ್ಟು ಬರುತ್ತದೆ, ಜೀವಕ್ಕೆ ಅಪಾಯ ಕಡಿಮೆ. ಅವರಿಗೆ ಸಮಾಲೋಚನೆಯೇ ಮುಖ್ಯ. ಅಫೀಮಿನ ಜಾತಿಯ ನೋವಿನ ಮಾತ್ರೆ ಅಥವಾ ಇಂಜೆಕ್ಷನ್ ಅಮಲಿನ ಚಟ ಇದ್ದವರ ಕಥೆ ಬೇರೆ. ಡಿಟಾಕ್ಸ್ ಆದ ಮೇಲೆ ಅವರ ದೇಹಕ್ಕೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಮತ್ತೆ ಅಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಆದ್ದರಿಂದ ಅವರಿಗೆ ಬರೀ ಡಿಟಾಕ್ಸ್ ಮಾಡಿಸಿ ಬಿಡುವುದು ಇನ್ನೂ ಅಪಾಯ. ಬುಪ್ರೆನಾರ್ಫಿನ್‌ನಂಥ ಔಷಧವನ್ನು ವೈದ್ಯರ ನಿಗಾದಲ್ಲಿ ದೀರ್ಘಕಾಲ ಮುಂದುವರಿಸಬೇಕಾಗುತ್ತದೆ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕಾಗಿಲ್ಲ. ಜಿಲ್ಲಾ ಮಟ್ಟದಲ್ಲೇ ಮಾನಸಿಕ ಆರೋಗ್ಯ ಸೇವೆ ಕೊಡಬಹುದು ಅಂತ ದೇಶಕ್ಕೆ ಮೊದಲು ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಶುರು ಮಾಡಿದ ಕೆಲಸವನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಹಳಬರು ವಿಮ್ಸ್ ಅನ್ನುವ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಇವೆಲ್ಲ ಸರ್ಕಾರದವು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಅನ್ನುವ ಕಾರ್ಯಕ್ರಮ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಫೋನಿನಲ್ಲಿ ಮಾತಾಡಬೇಕಾದರೆ 14416ಕ್ಕೆ ಮಾಡಿ, ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಎರಡಕ್ಕೂ ದುಡ್ಡು ಇಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

"ಬಿಟ್ಟು ನಾಕು ತಿಂಗಳಾಗಿತ್ರಿ, ಹಬ್ಬದಾಗ ಮತ್ತ ಕುಡದ. ಎಲ್ಲ ನೀರಾಗ ಹೋತಲ್ರಿ?" ಅಂತ ಒಬ್ಬರು ಕೇಳಿದರು. ಹೋಗಿಲ್ಲ. ನಾಲ್ಕು ತಿಂಗಳು ಕುಡಿಯದೆ ಇದ್ದದ್ದು ನಿಜ ತಾನೇ? ಬಿ.ಪಿ. ಏರಿದರೆ ಔಷಧ ಬದಲಿಸುತ್ತೇವೆ, ರೋಗಿಯನ್ನು ಬೈದು ಹೊರಗೆ ಹಾಕುವುದಿಲ್ಲ. ಇದೂ ಹಾಗೆಯೇ ನಡೆಯಬೇಕು. ಜಾರಿದ ದಿನವೇ, ತಡ ಮಾಡದೆ, ಒಪಿಡಿಗೆ ಕರೆತನ್ನಿ. ವಾರಗಟ್ಟಲೆ ಕುಡಿಯಲು ಬಿಟ್ಟು ಬಂದರೆ ಮತ್ತೆ ಡಿಟಾಕ್ಸ್‌ನಿಂದಲೇ ಶುರು ಮಾಡಬೇಕಾದೀತು. ಯಾರ ಜೊತೆ, ಯಾವ ಹೊತ್ತಿಗೆ, ಏನಾಗಿ ಕುಡಿದ ಅಂತ ಕೂತು ಮಾತಾಡಿದರೆ ಮುಂದಿನ ಹಬ್ಬಕ್ಕೆ ಏನು ಮಾಡಬೇಕು ಅನ್ನುವುದು ಅಲ್ಲೇ ಸಿಗುತ್ತದೆ.

ಇನ್ನೊಬ್ಬ ತಾಯಿ ಕೇಳಿದರು: "ಅವನು ಬರಂಗೇ ಇಲ್ರಿ. ನಾನೇನು ಮಾಡ್ಲಿ?" ಕುಡಿದಾಗ ಈ ಮಾತು ಎತ್ತಬೇಡಿ. ಬೆಳಿಗ್ಗೆ, ಅವನು ಎಚ್ಚರ ಇದ್ದಾಗ, ಒಬ್ಬರೇ ಕೂತು ಮಾತಾಡಿ. ಕುಡಿತ ಬಿಡು ಅನ್ನುವ ಬದಲು, ರಾತ್ರಿ ನಿದ್ದೆ ಬರುತ್ತಿಲ್ಲ, ಹೊಟ್ಟೆ ಉರಿ ಅನ್ನುತ್ತಿದ್ದೀಯಲ್ಲ, ಅದನ್ನು ತೋರಿಸೋಣ ಬಾ ಅನ್ನಿ. ಎಷ್ಟೋ ಜನ ಹಾಗೆಯೇ ಮೊದಲ ಸಲ ಬಂದಿದ್ದಾರೆ. ತನಗೋ ಬೇರೆಯವರಿಗೋ ಅಪಾಯ ಮಾಡುವ ಸ್ಥಿತಿಗೆ ಹೋದರೆ ಒಪ್ಪಿಗೆ ಇಲ್ಲದೆಯೂ ದಾಖಲು ಮಾಡಲು ಕಾನೂನಿನಲ್ಲಿ ದಾರಿ ಇದೆ, ಅದನ್ನು ಪರೀಕ್ಷೆ ಮಾಡಿ ತೀರ್ಮಾನಿಸುವವರು ವೈದ್ಯರು. ಅವನು ಹೊಡೆಯುತ್ತಿದ್ದರೆ ಚಿಕಿತ್ಸೆಗೆ ಕಾಯಬೇಡಿ, ಮೊದಲು ನೀವು ಮತ್ತು ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಿ, 112ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಆದರೂ ಅವನು ಬರದಿದ್ದರೆ ನೀವೇ ಬನ್ನಿ. ಅವನಿಲ್ಲದೆ ಬಂದರೂ ನಾವು ಕೂತು ಮಾತಾಡುತ್ತೇವೆ. ಬರುವಾಗ ಹಳೆಯ ಚೀಟಿಗಳು, ಅವನು ತಿನ್ನುವ ಮಾತ್ರೆಗಳ ಖಾಲಿ ಸ್ಟ್ರಿಪ್, ದಿನಕ್ಕೆ ಎಷ್ಟು ಕುಡಿಯುತ್ತಾನೆ ಅನ್ನುವ ಲೆಕ್ಕ, ಇಷ್ಟು ತನ್ನಿ.